ಬಾಕಿ, ಚುಕ್ತಾ: ಒಂದು ವರ್ಷದಲ್ಲಿ ಮುಗಿಸಿದ ಒಂಬತ್ತು ಆಟಗಳು

ಅರಸೀಕೆರೆ ಎಂದ ಕೂಡಲೇ ಕೇಳಿದವರು ‘ಹಾಸನದ ಕಡೆಯ ರೈಲ್ವೆ ಜಂಕ್ಷನ್ನಾ?’ ಅನ್ನುತ್ತಾರೆ. ಅಲ್ಲ, ನನ್ನದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ಅಲ್ಲಿ ಅಪ್ಪನದೊಂದು ಕಿರಾಣಿ ಅಂಗಡಿ ಇತ್ತು. 2023ರ ಮಳೆಗಾಲದಲ್ಲಿ, ಮಳೆಯೇ ಬಾರದ ಆ ಮಳೆಗಾಲದಲ್ಲಿ, ಅಪ್ಪ ತೀರಿಕೊಂಡ. ಬೆಂಗಳೂರಿನ ಕೆಲಸವನ್ನು ಊರಿಂದಲೇ ಮಾಡುತ್ತೇನೆಂದು ಆಫೀಸಿನವರನ್ನು ಒಪ್ಪಿಸಿ, ಅಂಗಡಿಯ ಲೆಕ್ಕ ಮುಗಿಸಲು ಒಂದು ವರ್ಷ ಅಲ್ಲೇ ಉಳಿದೆ.

ಅಪ್ಪ ಪ್ರತಿ ವರ್ಷ ದೀಪಾವಳಿಗೆ ಹೊಸ ಖಾತೆ ಪುಸ್ತಕ ತರುತ್ತಿದ್ದ. ಅವನ ಕೊನೆಯ ಪುಸ್ತಕ ಅರ್ಧಕ್ಕೆ ನಿಂತಿತ್ತು. ಆ ವರ್ಷದ ಲಕ್ಷ್ಮೀಪೂಜೆಗೆ ಹೊಸದು ತರಲಿಲ್ಲ. ಅವ್ವ ಹಳೆಯದಕ್ಕೇ ಅರಿಶಿನ ಕುಂಕುಮ ಹಚ್ಚಿದಳು. ಅಂದು ರಾತ್ರಿ ಪುಸ್ತಕವನ್ನು ತಿರುವಿ ಹಾಕಿ, ಕೊನೆಯ ಪುಟದಿಂದ ನಾನು ಇನ್ನೊಂದು ಲೆಕ್ಕ ಬರೆಯತೊಡಗಿದೆ. ಮುಗಿಸಿದ ವಿಡಿಯೋ ಗೇಮುಗಳ ಲೆಕ್ಕ. ದಿನಾಂಕ, ಆಟದ ಹೆಸರು, ಹಿಡಿದ ತಾಸು, ಎರಡು ಸಾಲು ಅಭಿಪ್ರಾಯ, ಅಷ್ಟೇ.

ಇಂಥ ಲೆಕ್ಕ ಇಡುವ ಅಭ್ಯಾಸ ಜಗತ್ತಿನ ಎಲ್ಲ ಕಡೆಯ ಆಟಗಾರರಿಗೂ ಇದೆ. ಕೊಂಡು ಆಡದೆ ಬಿಟ್ಟ ಆಟಗಳ ರಾಶಿಗೆ ಅವರು ‘ಬ್ಯಾಕ್‌ಲಾಗ್’ ಅನ್ನುತ್ತಾರೆ. ನಮ್ಮಲ್ಲಿ ಇಂಜಿನಿಯರಿಂಗ್ ಓದಿದವರಿಗೆ ಆ ಪದ ಬೇರೆ ಕಾರಣಕ್ಕೆ ಗೊತ್ತು. ಅಪ್ಪನ ಪುಸ್ತಕದಲ್ಲಿ ಅದಕ್ಕಿದ್ದ ಹೆಸರು ‘ಬಾಕಿ’. ಬಾಕಿ ತೀರಿದಾಗ ಆ ಹೆಸರಿನ ಕೆಳಗೊಂದು ಗೆರೆ ಎಳೆದು ‘ಚುಕ್ತಾ’ ಎಂದು ಬರೆಯುತ್ತಿದ್ದ. ನಾನೂ ಹಾಗೇ ಬರೆದೆ. ವರ್ಷದ ಕೊನೆಗೆ ಒಂಬತ್ತು ಚುಕ್ತಾ ಆಗಿದ್ದವು.

ನಮ್ಮ ಮನೆಯಲ್ಲಿ ‘ಗೇಮ್’ ಅನ್ನುವ ಮಾತನ್ನು ಸುಮ್ಮನೆ ಆಡುವಂತಿರಲಿಲ್ಲ. ಚಿಕ್ಕಪ್ಪನ ಮಗ ಬೆಂಗಳೂರಿನ ಗೋದಾಮೊಂದರಲ್ಲಿ ರಾತ್ರಿ ಪಾಳಿ ಮಾಡುವಾಗ ಮೊಬೈಲಿನ ರಮ್ಮಿಗೆ ಬಿದ್ದು, ಸಂಬಳ ಕಳೆದು, ಕೈಸಾಲ ಕಳೆದು, ಕೊನೆಗೆ ಚಿಕ್ಕಪ್ಪ ಒಂದು ಜೊತೆ ಎತ್ತು ಮಾರುವ ಹಾಗಾಗಿತ್ತು. ಹಣ ಕಟ್ಟಿ ಆಡುವ ಇಂಥ ಆಟಗಳನ್ನು ತಡೆಯಲು ರಾಜ್ಯ 2021ರಲ್ಲಿ ಕಾನೂನು ತಂದಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಚಿಕ್ಕಪ್ಪನಿಗೆ ಈ ವಿವರ ಯಾವುದೂ ಬೇಕಿರಲಿಲ್ಲ. ಅವನ ದೃಷ್ಟಿಯಲ್ಲಿ ಮಗ ಆಡುತ್ತಿದ್ದದ್ದೂ ಗೇಮು, ನಾನು ಆಡುವುದೂ ಗೇಮು. ‘ಅವನು ಹಾಳಾದ. ನೀನು ಓದಿದವನು, ಸ್ವಲ್ಪ ತಡವಾಗಿ ಹಾಳಾಗ್ತಿ’ ಎಂದ.

ಅವನಿಗೆ ಕೊಡಲು ನನ್ನಲ್ಲಿ ಆಗ ಉತ್ತರ ಇರಲಿಲ್ಲ. ಈ ಬರಹ ಆ ಉತ್ತರವನ್ನು ಹುಡುಕಿದ ವರ್ಷದ ಲೆಕ್ಕ.

ನವೆಂಬರ್. ಪ್ರಿನ್ಸ್ ಆಫ್ ಪರ್ಷಿಯಾ. 6 ತಾಸು.

ಇದು ಇಪ್ಪತ್ತು ವರ್ಷದ ಬಾಕಿ. ಹರಪನಹಳ್ಳಿಯ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ, ಮೇಷ್ಟ್ರು ಊಟಕ್ಕೆ ಹೋದಾಗ ಆಡಿದ ಆಟ. ಒಂದು ಕಂಪ್ಯೂಟರಿಗೆ ನಾಲ್ಕು ಹುಡುಗರು. ಒಬ್ಬ ಸತ್ತರೆ ಮುಂದಿನವನ ಸರದಿ. ಮೂರನೇ ಹಂತ ದಾಟಿದ ನೆನಪಿಲ್ಲ.

ಜೋರ್ಡನ್ ಮೆಕ್ನರ್ 1989ರಲ್ಲಿ ಹೊರತಂದ ಆಟ ಇದು. ತನ್ನ ತಮ್ಮ ಓಡುವುದನ್ನು, ಜಿಗಿಯುವುದನ್ನು ವಿಡಿಯೋ ತೆಗೆದು, ಒಂದೊಂದು ಚೌಕಟ್ಟನ್ನೂ ನೋಡಿಕೊಂಡು ಆತ ರಾಜಕುಮಾರನ ಚಲನೆಯನ್ನು ಬರೆದ. ಅದಕ್ಕೇ ಈ ರಾಜಕುಮಾರನಿಗೆ ಮೈಭಾರ ಇದೆ. ಓಡಿದವನು ಕೂಡಲೇ ನಿಲ್ಲಲಾರ, ಒಂದೆರಡು ಹೆಜ್ಜೆ ಜಾರುತ್ತಾನೆ. ಗೋಡೆಯ ಅಂಚು ಹಿಡಿದು ಜೋತಾಡುವಾಗ ನೋಡುವವನ ತೋಳೂ ನೋಯುತ್ತದೆ. ಇಡೀ ಆಟಕ್ಕಿರುವ ಸಮಯ 60 ನಿಮಿಷ. ಅಷ್ಟರೊಳಗೆ ರಾಜಕುಮಾರಿಯನ್ನು ಬಿಡಿಸದಿದ್ದರೆ ಮುಗಿಯಿತು.

ಹುಡುಗರಾಗಿದ್ದಾಗ ನಾವು ತಲುಪದೇ ಹೋದ ಒಂದು ಜಾಗ ಇದೆ. ನಡುವೆ ಒಂದು ಕಡೆ ಕನ್ನಡಿ ಅಡ್ಡ ಬರುತ್ತದೆ. ಓಡಿಬಂದು ಅದನ್ನು ಹಾಯ್ದು ಜಿಗಿದರೆ ಇನ್ನೊಂದು ಬದಿಯಿಂದ ನಮ್ಮದೇ ನೆರಳು ಹೊರಬಿದ್ದು ಓಡಿಹೋಗುತ್ತದೆ. ಕೊನೆಯ ಹೊತ್ತಿಗೆ ಆ ನೆರಳು ಕತ್ತಿ ಹಿರಿದು ಎದುರಾಗುತ್ತದೆ. ಅದಕ್ಕೆ ಹೊಡೆದರೆ ಪೆಟ್ಟು ನಮಗೇ ಬೀಳುತ್ತದೆ. ಮೂರು ಸಲ ಸತ್ತ ಮೇಲೆ ಹೊಳೆಯಿತು, ಕತ್ತಿಯನ್ನು ಒರೆಗೆ ಹಾಕಿ ಸುಮ್ಮನೆ ಅದರ ಕಡೆಗೆ ನಡೆಯಬೇಕು. ಎರಡೂ ಒಂದಾಗುತ್ತವೆ. ಮಾತಿಲ್ಲದೆ, ವಿವರಣೆ ಇಲ್ಲದೆ, ಕೈಗೆ ಕಲಿಸಿದ ಪಾಠ ಇದು. ಇದೇ ಮಾತನ್ನು ಕಥೆಯಲ್ಲಿ ಓದಿದ್ದರೆ ಒಪ್ಪಿ ಮುಂದೆ ಹೋಗುತ್ತಿದ್ದೆ. ಆಟದಲ್ಲಿ ಮೊದಲು ತಪ್ಪು ಮಾಡಿಸುತ್ತಾರೆ.

ಡಿಸೆಂಬರ್. ಪೇಪರ್ಸ್, ಪ್ಲೀಸ್. 14 ತಾಸು.

ಲೂಕಸ್ ಪೋಪ್ ಒಬ್ಬನೇ ಮಾಡಿ 2013ರಲ್ಲಿ ಹೊರತಂದ ಆಟ. 1982ನೇ ಇಸವಿ, ಆರ್ಸ್ಟೋಟ್ಸ್ಕಾ ಎಂಬ ಕಲ್ಪಿತ ದೇಶ. ಲಾಟರಿಯಲ್ಲಿ ನಮಗೆ ಗಡಿ ಚೌಕಿಯ ಕೆಲಸ ಸಿಕ್ಕಿದೆ. ಬಂದವರ ಪಾಸ್‌ಪೋರ್ಟು, ಪರವಾನಗಿ ನೋಡಿ ಮುದ್ರೆ ಒತ್ತಬೇಕು. ಸರಿಯಾಗಿ ನೋಡಿದ ಒಬ್ಬೊಬ್ಬರಿಗೂ 5 ಕಾಸು. ದಿನಕ್ಕೆ ಎರಡು ತಪ್ಪು ಮಾಫಿ, ಮೂರನೆಯದಕ್ಕೆ ದಂಡ. ಸಂಜೆ ಆ ದುಡ್ಡಿನಲ್ಲೇ ಬಾಡಿಗೆ, ಊಟ, ಚಳಿಗೆ ಬೆಂಕಿ. ಮನೆಯಲ್ಲಿ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ.

ಒಂದು ದಿನ ಗಂಡ ಬರುತ್ತಾನೆ, ಅವನ ಕಾಗದ ಸರಿ ಇದೆ. ಹಿಂದೆ ಹೆಂಡತಿ ಬರುತ್ತಾಳೆ, ಅವಳ ಕಾಗದದಲ್ಲಿ ಒಂದು ಕಡಿಮೆ. ಬಿಟ್ಟರೆ ನಮ್ಮ ಲೆಕ್ಕಕ್ಕೆ ಒಂದು ತಪ್ಪು. ಅದರ ತೂಕ ಎಷ್ಟೆಂದು ಆಟ ಹೇಳುವುದಿಲ್ಲ. ನಮ್ಮ ಮಗನಿಗೆ ಅಂದು ಜ್ವರ ಇದೆಯೋ ಇಲ್ಲವೋ ಅನ್ನುವುದು ಅದನ್ನು ಹೇಳುತ್ತದೆ.

ನಮ್ಮ ತಾಲ್ಲೂಕಿನವರಿಗೆ ಈ ಆಟ ಅರ್ಥವಾಗಲು ಟಿಪ್ಪಣಿ ಬೇಕಿಲ್ಲ. ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅಲ್ಲಿಗೆ ಹೋಯಿತು. 2013ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ 371ಜೆ ವಿಶೇಷ ಸ್ಥಾನಮಾನ ಬಂದಾಗ ಪಕ್ಕದ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಯವರಿಗೆ ಅದು ಸಿಕ್ಕಿತು, ದಾವಣಗೆರೆಯಲ್ಲಿದ್ದ ನಮಗೆ ಸಿಗಲಿಲ್ಲ. 2018ರಲ್ಲಿ ನಮ್ಮನ್ನು ಮತ್ತೆ ಬಳ್ಳಾರಿಗೆ ಸೇರಿಸಿದರು. 2021ರಲ್ಲಿ ವಿಜಯನಗರ ಜಿಲ್ಲೆ. ಮನೆ ಕದಲಲಿಲ್ಲ, ಹೊಲ ಕದಲಲಿಲ್ಲ. 2013ರಲ್ಲಿ ನನಗೆ ಇಪ್ಪತ್ಮೂರು, ಸರ್ಕಾರಿ ಕೆಲಸದ ಪರೀಕ್ಷೆ ಬರೆಯುವ ವಯಸ್ಸು. ಕೊಟ್ಟೂರಿನ ಗೆಳೆಯನ ಕೈಯಲ್ಲಿದ್ದ ಪ್ರಮಾಣಪತ್ರ ನನ್ನ ಕೈಯಲ್ಲಿರಲಿಲ್ಲ. ಅದು ನಮಗೆ ಬರುವ ಹೊತ್ತಿಗೆ ನಾನು ಬೆಂಗಳೂರು ಸೇರಿ ವರ್ಷಗಳಾಗಿದ್ದವು.

ಈ ಆಟಕ್ಕೆ 20 ಮುಕ್ತಾಯಗಳಿವೆ. ನನಗೆ ಮೊದಲು ಸಿಕ್ಕಿದ್ದು, ಸಾಲ ತೀರಿಸಲಾಗದೆ ಜೈಲು. ಚಿಕ್ಕಪ್ಪನ ಮಗ ಅಂದು ಹಿಂದೆ ನಿಂತು ನೋಡುತ್ತಿದ್ದ. ಊರಿಗೆ ಬಂದ ಮೇಲೆ ಅವನು ಯಾರ ಜೊತೆಗೂ ಹೆಚ್ಚು ಮಾತಾಡುತ್ತಿರಲಿಲ್ಲ. ‘ಅಣ್ಣಾ, ನೀನು ಎಲ್ಲರ ಕಥಿ ಕೇಳ್ತೀಯ, ಅದಕ್ಕೇ ನಿನಗೆ ಬರಕತ್ತಿಲ್ಲ’ ಅಂದ. ಅವನೇ ಕುಳಿತು ಹತ್ತು ದಿನದ ಪಾಳಿ ಒಂದು ತಪ್ಪಿಲ್ಲದೆ ನಡೆಸಿದ. ಗಂಡನನ್ನು ಒಳಗೆ ಬಿಟ್ಟ, ಹೆಂಡತಿಯನ್ನು ವಾಪಸು ಕಳಿಸಿದ. ಮುದ್ರೆ ಒತ್ತಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದರಾಗೆ ರೊಕ್ಕ ಗೆದ್ರೂ ಖುಷಿ ಆಗಂಗಿಲ್ಲ ನೋಡು’ ಅಂದ. ಈ ಆಟದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಜನವರಿ. ರಾಜಿ. 6 ತಾಸು.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ ಈ ಆಟವನ್ನು ಮೆಚ್ಚಲೇಬೇಕೆಂದು ತೀರ್ಮಾನಿಸಿಯೇ ಕುಳಿತಿದ್ದೆ. ಸರ್ಕಸ್ಸಿನ ಹುಡುಗಿ ರಾಜಿ, ರಾಕ್ಷಸರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿ ಹೊರಡುತ್ತಾಳೆ. ರಾಜಸ್ಥಾನದ ಕೋಟೆಗಳ ಹಾಗಿರುವ ಕಟ್ಟಡಗಳು, ಪಹಾಡಿ ಚಿತ್ರಗಳ ಬಣ್ಣ. ಕಥೆ ಹೇಳುವ ದೃಶ್ಯಗಳು ತೊಗಲುಗೊಂಬೆಯ ಪರದೆಯ ಮೇಲೆ ನಡೆಯುತ್ತವೆ. ಕಣ್ಣಿಗೆ ಹಬ್ಬ.

ಆದರೆ ದುರ್ಗೆಯೂ ವಿಷ್ಣುವೂ ಮೇಲೆ ಕುಳಿತು ಒಂದೇ ಸಮನೆ ಮಾತಾಡುತ್ತಾರೆ. ರಾಜಿ ಮಾಡಿದ್ದನ್ನು ಅವರು ವಿವರಿಸುತ್ತಾರೆ, ಗೋಡೆಯ ಚಿತ್ರದ ಪುರಾಣವನ್ನು ಅವರೇ ಹೇಳುತ್ತಾರೆ. ಅವರನ್ನು ಕೆಣಕುವವರು ಯಾರೂ ಇಲ್ಲ. ನಮ್ಮ ಕಡೆಯ ಬಯಲಾಟದಲ್ಲಿ ಯಾವ ದೇವರು, ಯಾವ ದೊರೆ ರಂಗಕ್ಕೆ ಬಂದರೂ ಸಾರಥಿ ತಡೆದು ನೀವು ಯಾರು, ಎಲ್ಲಿಯವರು, ಬಂದ ಕಾರಣ ಏನು ಎಂದು ಕೇಳುತ್ತಾನೆ. ದೇವರೂ ಉತ್ತರ ಕೊಡಬೇಕು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯಲ್ಲಿ ರಾಮಾಯಣದ ಜೊತೆಗೆ ಗಾಂಧೀಜಿಯ ಬದುಕನ್ನೂ ಆಡಿಸಿದರು. ಪರದೆ ಹಳೆಯದು, ಆಟ ಹೊಸದು. ‘ರಾಜಿ’ಯಲ್ಲಿ ಪರದೆ ಬರೀ ಅಲಂಕಾರ. ಕೊನೆಗೆ ಕಥೆ ಗಕ್ಕನೆ ನಿಂತೂಬಿಡುತ್ತದೆ. ಖಾತೆಯಲ್ಲಿ ಬರೆದದ್ದು: ‘ಚುಕ್ತಾ, ಆದರೆ ಸಾರಥಿ ಬೇಕಿತ್ತು.’

ನಮ್ಮದು ಎಂಬ ಕಾರಣಕ್ಕೆ ಹೊಗಳುವುದು ಸುಲಭ. ಹಂಪಿಯ ಮಂಟಪಗಳ ನೆಲಹಾಸಿನಲ್ಲಿ ಕೊರೆದ ಆಟದ ಮನೆಗಳಿವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ಒಂದು ಭಾಗವನ್ನು, ‘ಕೌತುಕನಿಧಿ’ಯನ್ನು, ಇಟ್ಟರು. ಆಟವನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಈ ನಾಡಿಗೆ ಹೊಸದಲ್ಲ. ಹಾಗೆ ತೆಗೆದುಕೊಂಡ ಮೇಲೆ ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಎಂದು ಹೇಳುವುದೂ ಮರ್ಯಾದೆಯೇ.

ಫೆಬ್ರವರಿಯಿಂದ ಏಪ್ರಿಲ್. ಸ್ಟಾರ್ಡ್ಯೂ ವ್ಯಾಲಿ. 96 ತಾಸು.

ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕುಳಿತು ಮಾಡಿ 2016ರಲ್ಲಿ ಕೊಟ್ಟ ಆಟ. ಕಂಪನಿ ಕೆಲಸದಲ್ಲಿ ಬೇಸತ್ತವನು ಅಜ್ಜನ ಪತ್ರ ಒಡೆದು ಓದಿ, ಅಜ್ಜ ಬಿಟ್ಟುಹೋದ ಹೊಲಕ್ಕೆ ಬರುತ್ತಾನೆ. ಒಂದೊಂದು ಋತುವಿಗೆ 28 ದಿನ. ಉಳು, ಬಿತ್ತು, ನೀರು ಹಾಕು. ಬೆಳೆದದ್ದನ್ನು ಮನೆ ಮುಂದಿನ ಪೆಟ್ಟಿಗೆಗೆ ಹಾಕಿದರೆ ಬೆಳಗಾಗುವುದರೊಳಗೆ ದುಡ್ಡು ಬಂದಿರುತ್ತದೆ.

ಅದು ಬರದ ಬೇಸಿಗೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿದ್ದ ವರ್ಷ. ಚಿಕ್ಕಪ್ಪನ ಮೆಕ್ಕೆಜೋಳ ಮೊಣಕಾಲುದ್ದಕ್ಕೆ ಒಣಗಿತ್ತು. ಒಂದು ಸಂಜೆ ಅವನು ಅಂಗಡಿಗೆ ಬಂದವನು ನನ್ನ ಹಿಂದೆ ನಿಂತು ಪರದೆ ನೋಡಿದ. ಎಲೆಕೋಸಿನ ಸಾಲು, ಹೊಂಡದ ನೀರು, ಪೆಟ್ಟಿಗೆ. ಬಹಳ ಹೊತ್ತು ನೋಡಿ ಕೇಳಿದ: ‘ಇದಕ್ಕ ದಲ್ಲಾಳಿ ಇಲ್ಲೇನು?’ ಇಲ್ಲ ಅಂದೆ. ‘ರೇಟು ಇಳಿಯಂಗಿಲ್ಲೇನು?’ ಇಲ್ಲ. ‘ಸಾಲ?’ ಅದೂ ಇಲ್ಲ. ಗೇಮು ಅಂದರೆ ಸಿಡಿಯುತ್ತಿದ್ದ ಮನುಷ್ಯ ಸ್ಟೂಲು ಎಳೆದುಕೊಂಡು ಕೂತ.

ಇದನ್ನು ಸುಳ್ಳು ಅನ್ನಲು ನನಗೆ ಮನಸ್ಸಿಲ್ಲ. ಮಾಡಿದ ಕೆಲಸಕ್ಕೆ ತಕ್ಕ ಫಲ ಇರಬೇಕು ಎಂಬ ಆಸೆಗೆ ಇದು ಕೊಟ್ಟ ರೂಪ. ಒಕ್ಕಲುತನ ಮಾಡದವರಿಗೆ ಹಳ್ಳಿಯ ಕನಸು. ಚಿಕ್ಕಪ್ಪನಂಥವರಿಗೆ ಅದೇ ಕೆಲಸ, ಅನ್ಯಾಯವನ್ನು ಕಳೆದು. ಆದರೆ 96 ತಾಸು! ಇದು ಬಿಡದ ಆಟ. ಒಂದು ದಿನ ಮುಗಿಯುವುದರೊಳಗೆ ಮರುದಿನದ ಕೆಲಸ ತೋರಿಸುತ್ತದೆ. ಮೂರನೇ ವರ್ಷದ ಮೊದಲ ದಿನ ಅಜ್ಜನ ಆತ್ಮ ಬಂದು ನಾವು ಹೊಲ ನೋಡಿಕೊಂಡದ್ದಕ್ಕೆ ತಕ್ಕಂತೆ ದೀಪ ಹಚ್ಚಿಹೋಗುತ್ತದೆ, ಹೆಚ್ಚೆಂದರೆ ನಾಲ್ಕು. ನನಗೆ ಮೂರು ಸಿಕ್ಕವು. ಆಟ ಆಮೇಲೂ ನಡೆಯುತ್ತದೆ, ನಾನೇ ನಿಲ್ಲಿಸಿದೆ. ಮೊದಲ ಸಲ ಗೆರೆ ಎಳೆಯುವಾಗ ಕೈ ಅನುಮಾನಿಸಿತು: ಇದು ಚುಕ್ತಾನೋ, ನಾನು ಎದ್ದುಬಂದದ್ದೋ?

ಯುಗಾದಿ. ವೆಂಬಾ. ಒಂದೂವರೆ ತಾಸು.

ಹೋಳಿಗೆ ತಿಂದ ಮಧ್ಯಾಹ್ನ ಶುರು ಮಾಡಿ ಚಹಾದ ಹೊತ್ತಿಗೆ ಮುಗಿಸಿದೆ. ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ಹೊರತಂದದ್ದು. 1980ರ ದಶಕದ ಕೊನೆಯಲ್ಲಿ ಕೆನಡಾ ಸೇರಿದ ತಮಿಳು ಕುಟುಂಬ. ವೆಂಬಾ ತಾಯಿ, ಪಾವಲನ್ ತಂದೆ, ಕವಿನ್ ಮಗ. ತನ್ನ ತಾಯಿ ಬರೆದಿಟ್ಟ ಅಡುಗೆ ಪುಸ್ತಕ ಹರಿದಿದೆ, ಮಾಸಿದೆ. ಕಳೆದುಹೋದ ಸಾಲುಗಳನ್ನು ಊಹಿಸಿ ಅಡುಗೆ ಮಾಡುವುದೇ ಆಟ.

ಇಡ್ಲಿಯ ತಟ್ಟೆಗಳನ್ನು ಹೇಗೆ ಪೇರಿಸಿದರೆ ಆವಿ ಎಲ್ಲಕ್ಕೂ ತಲುಪುತ್ತದೆ ಎಂಬಲ್ಲಿ ನಾನು ತಪ್ಪಿದೆ. ಅವ್ವ ಕಣ್ಣು ಕಿರಿದು ಮಾಡಿ ನೋಡಿ, ‘ಮ್ಯಾಲಿಂದು ತಿರುವಿ ಇಡು’ ಅಂದಳು. ಅದೇ ಸರಿ ಇತ್ತು. ಅರವತ್ತೈದರ ಅವ್ವ ಜೀವನದಲ್ಲಿ ಆಡಿದ ಮೊದಲ ವಿಡಿಯೋ ಗೇಮಿನಲ್ಲಿ ನನಗಿಂತ ಮುಂದಿದ್ದಳು. ಆಟಗಳು ಸಾಮಾನ್ಯವಾಗಿ ಕೇಳುವ ಜಾಣತನ ಗುರಿಯಿಟ್ಟು ಹೊಡೆಯುವ ಬೆರಳಿನದು. ಇದು ಅಡುಗೆಮನೆಯ ಕೈಯನ್ನು ಕೇಳಿತು. ಇದರ ದೊಡ್ಡತನ ಅಲ್ಲಿದೆ.

ಮಗ ಕವಿನ್ ದೊಡ್ಡವನಾದ ಮೇಲೆ ಅಜ್ಜಿಯ ತಮಿಳನ್ನು ಓದಲು ತಡಕಾಡುತ್ತಾನೆ. ಅಲ್ಲಿ ನನ್ನ ಗಂಟಲು ಕಟ್ಟಿತು. ದೂರು ಒಂದೇ: ವರ್ಷಗಳನ್ನು ಹಾರಿ ಹಾರಿ ಹೋಗುವ ಅವಸರ. ಜಗಳಗಳು ಬರುತ್ತವೆ, ಅವು ಬೆಳೆದು ನಿಲ್ಲುವ ಮೊದಲೇ ದಶಕ ದಾಟಿರುತ್ತದೆ. ಈ ಒಂಬತ್ತು ಆಟಗಳನ್ನೂ ನಾನು ಇಂಗ್ಲಿಷಿನಲ್ಲೇ ಆಡಿದೆ. ಇದರಲ್ಲಿ ತಮಿಳಿನ ಅಕ್ಷರ ಕಂಡಾಗ ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದ ಹಾಗಾಯಿತು.

ಮೇ, ಜೂನ್. ಸೆಲೆಸ್ಟ್. 18 ತಾಸು.

ಮ್ಯಾಡಲಿನ್ ಎಂಬ ಹುಡುಗಿ ಬೆಟ್ಟ ಹತ್ತುತ್ತಾಳೆ, ಅಷ್ಟೇ ಕಥೆ. 2018ರ ಆಟ. ಒಂದೊಂದು ತೆರೆಯೂ ಒಂದು ಜಿಗಿತದ ಲೆಕ್ಕ. ತಪ್ಪಿದರೆ ಸಾವು, ಕ್ಷಣಾರ್ಧದಲ್ಲಿ ಮತ್ತೆ ಅಲ್ಲೇ. ಆಟ ಸಾವುಗಳನ್ನು ಎಣಿಸಿ ತೋರಿಸುತ್ತದೆ, ಎಣಿಕೆ ಹೆಚ್ಚಾದರೆ ಹೆಮ್ಮೆಪಡು ಎಂದೂ ಹೇಳುತ್ತದೆ. ನನ್ನದು 1,906.

ನಮ್ಮ ಉಚ್ಚಂಗಿದುರ್ಗದ ಗುಡ್ಡವನ್ನು ಭರತ ಹುಣ್ಣಿಮೆಗೆ ಹತ್ತುವ ಮುದುಕಿಯರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನಾಲ್ಕು ಮೆಟ್ಟಿಲಿಗೊಮ್ಮೆ ಕೂರುತ್ತಾರೆ, ಯಾರಾದರೂ ಕೈ ಕೊಟ್ಟರೆ ಹಿಡಿಯುತ್ತಾರೆ. ಮೇಲೆ ಹೋದ ಮೇಲೆ ಉಚ್ಚಂಗೆಮ್ಮ ಅವರನ್ನು ಹೇಗೆ ಹತ್ತಿದೆ ಎಂದು ಕೇಳುವುದಿಲ್ಲ. ‘ಸೆಲೆಸ್ಟ್’ನಲ್ಲಿ ಕೈ ಕೊಡುವ ವ್ಯವಸ್ಥೆ ಇದೆ. ಆಟದ ವೇಗ ತಗ್ಗಿಸಬಹುದು, ಸಾಯದಂತೆಯೂ ಮಾಡಿಕೊಳ್ಳಬಹುದು. ಒಂದು ಕಡೆ ಮೂರು ರಾತ್ರಿ ಸೋತ ಮೇಲೆ ವೇಗ ತಗ್ಗಿಸಿ ದಾಟಿದೆ. ಚಿಕ್ಕಪ್ಪನ ಮಗ ‘ಹಂಗಾದ್ರ ಅದು ಮುಗಿಸಿದಂಗಲ್ಲ’ ಅಂದ. ಅಪ್ಪನ ಪುಸ್ತಕ ತೆಗೆದು ತೋರಿಸಿದೆ. ಕೆಲವು ಹೆಸರಿನ ಕೆಳಗೆ ‘ನೂರು ಬಿಟ್ಟು ಚುಕ್ತಾ’ ಎಂದಿತ್ತು.

ಮ್ಯಾಡಲಿನ್‌ಳ ಮನಸ್ಸಿನ ಕಪ್ಪು ಭಾಗ ಅವಳದೇ ರೂಪ ತಾಳಿ ಅಟ್ಟಿಸಿಕೊಂಡು ಬರುತ್ತದೆ. ಓಡಿದರೆ ಬೆನ್ನು ಹತ್ತುತ್ತದೆ. ಕೊನೆಗೆ ಅದರ ಜೊತೆ ರಾಜಿಯಾಗಿ, ಇಬ್ಬರೂ ಸೇರಿಯೇ ಶಿಖರ ತಲುಪಬೇಕು. ಪ್ರಿನ್ಸ್ ಆಫ್ ಪರ್ಷಿಯಾ ಬಂದ 29 ವರ್ಷಗಳ ಮೇಲೆ ಅದೇ ನೆರಳು, ಅದೇ ಪರಿಹಾರ. ಒಂದೇ ವರ್ಷ, ಒಂದೇ ಪುಸ್ತಕದಲ್ಲಿ ಎರಡನ್ನೂ ಬರೆದಿರದಿದ್ದರೆ ನನಗದು ಹೊಳೆಯುತ್ತಿರಲಿಲ್ಲ. ಲೆಕ್ಕ ಇಡುವುದರಿಂದ ಆದ ಲಾಭ ಇದು.

ಜುಲೈ. ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್. ಎರಡೂವರೆ ತಾಸು.

2017ರ ಆಟ. ಅಕಾಲದಲ್ಲಿ ಸಾಯುವ ಶಾಪ ಇದೆಯೆಂದು ನಂಬಿದ ಮನೆತನ. ಅದರ ಕೊನೆಯ ಹುಡುಗಿ ಹಳೆಯ ಮನೆಗೆ ಬಂದು, ಒಬ್ಬೊಬ್ಬರ ಕೋಣೆಯಲ್ಲೂ ಅವರವರ ಸಾವಿನ ಕಥೆಯನ್ನು ತೆರೆಯುತ್ತಾಳೆ.

ಅದರಲ್ಲಿ ಲೂಯಿಸ್ ಎಂಬವನ ಭಾಗವೊಂದು ಸಾಕು, ವಿಡಿಯೋ ಗೇಮನ್ನು ಕಲೆ ಎನ್ನಲು. ಅವನು ಮೀನಿನ ಕಾರ್ಖಾನೆಯಲ್ಲಿ ಕೆಲಸಗಾರ. ಬಲಗೈಯಿಂದ ಮೀನು ಎಳೆದು, ಬ್ಲೇಡಿಗೆ ಕೊಟ್ಟು, ಆಚೆ ಎಸೆಯಬೇಕು. ಅದೇ ಹೊತ್ತಿಗೆ ಎಡಗೈಯಿಂದ ಅವನ ಕಲ್ಪನೆಯ ರಾಜ್ಯದಲ್ಲಿ ನಡೆಯಬೇಕು. ಮೊದಲು ಆ ರಾಜ್ಯ ಪರದೆಯ ಮೂಲೆಯಲ್ಲಿ ಚಿಕ್ಕದಾಗಿರುತ್ತದೆ. ಬೆಳೆದು ಬೆಳೆದು ಪರದೆಯನ್ನೆಲ್ಲ ತುಂಬಿ, ಕಾರ್ಖಾನೆ ಕಾಣದಾಗುತ್ತದೆ. ಬಲಗೈ ಮಾತ್ರ ಮೀನು ಕತ್ತರಿಸುತ್ತಲೇ ಇರುತ್ತದೆ. ಕೊನೆಗೆ ಅವನು ಆ ರಾಜ್ಯದಿಂದ ಹಿಂದಿರುಗುವುದಿಲ್ಲ.

ಇದನ್ನು ನಾನು ಒಬ್ಬನೇ ಇದ್ದಾಗ ಆಡಬೇಕಿತ್ತು. ಚಿಕ್ಕಪ್ಪನ ಮಗ ಪಕ್ಕದಲ್ಲಿದ್ದ. ‘ನಾನೂ ಹಂಗೇ, ಅಣ್ಣಾ. ಒಂದು ಕೈಯಾಗೆ ಸ್ಕ್ಯಾನರು, ತಲಿಯೊಳಗೆ ಎಲೆ’ ಅಂದ. ಆಮೇಲೆ ಅವನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಬೆಳಗಾಗುವ ತನಕ ಮಾತಾಡಿದೆವು. ಮರುದಿನ ಅವನನ್ನು ಕರೆದುಕೊಂಡು ದಾವಣಗೆರೆಗೆ ಹೋಗಿ ಮನೋವೈದ್ಯರನ್ನು ಕಂಡೆವು. ಆಮೇಲೆ ತಿಂಗಳಿಗೊಮ್ಮೆ ಹೋಗುತ್ತಿದ್ದೇವೆ.

ಇಷ್ಟಾಗಿಯೂ ಈ ಆಟದ ಬಗ್ಗೆ ನನಗೊಂದು ತಕರಾರಿದೆ. ಎಲ್ಲ ಸಾವುಗಳನ್ನೂ ಇದು ಚೆಂದ ಮಾಡುತ್ತದೆ. ಮಗುವಿನ ಸಾವೂ ಇಲ್ಲಿ ಸಂಗೀತದ ಜೊತೆ ಬರುತ್ತದೆ. ಲೂಯಿಸ್ ತಲೆ ಬಾಗಿಸುವ ಗಳಿಗೆಯನ್ನು ಪಟ್ಟಾಭಿಷೇಕದ ಹಾಗೆ ತೋರಿಸುವುದನ್ನು ಕಲೆಯಾಗಿ ಒಪ್ಪುತ್ತೇನೆ. ಆ ರಾತ್ರಿ ಪಕ್ಕದಲ್ಲಿ ಕುಳಿತಿದ್ದವನ ಅಣ್ಣನಾಗಿ ಒಪ್ಪಲಾರೆ.

ಆಗಸ್ಟ್, ಸೆಪ್ಟೆಂಬರ್. ರಿಟರ್ನ್ ಆಫ್ ದಿ ಓಬ್ರಾ ಡಿನ್. 13 ತಾಸು.

ಮತ್ತೆ ಲೂಕಸ್ ಪೋಪ್, 2018. ಕಾಣೆಯಾಗಿದ್ದ ಹಡಗು 1807ರಲ್ಲಿ ಒಬ್ಬರೂ ಇಲ್ಲದೆ ತೇಲಿಬರುತ್ತದೆ. ನಾವು ಈಸ್ಟ್ ಇಂಡಿಯಾ ಕಂಪನಿಯ ವಿಮಾ ಲೆಕ್ಕಿಗರು. ಹಡಗಿನಲ್ಲಿದ್ದ 60 ಜನರ ಹೆಸರು, ಗತಿ, ಕಾರಣ ಇಷ್ಟನ್ನೂ ಪುಸ್ತಕದಲ್ಲಿ ತುಂಬಬೇಕು. ಒಂದು ಗಡಿಯಾರ ಇದೆ. ಶವದ ಮುಂದೆ ಹಿಡಿದರೆ ಆ ಮನುಷ್ಯ ಸತ್ತ ಗಳಿಗೆ ಎದುರಿಗೆ ನಿಲ್ಲುತ್ತದೆ, ಚಿತ್ರದ ಹಾಗೆ. ಅದರೊಳಗೆ ನಡೆದಾಡಿ, ಯಾರ ಬೂಟು ಯಾವುದು, ಯಾರು ಯಾವ ಭಾಷೆ ಆಡಿದರು, ಯಾರ ಜೋಲಿಯ ನಂಬರು ಎಷ್ಟು ಎಂದು ನೋಡಿ ಹೆಸರು ಹಚ್ಚಬೇಕು. ಮೂವರದು ಸರಿಯಾದಾಗ ಮಾತ್ರ ಸರಿ ಎಂದು ಒಪ್ಪುತ್ತದೆ. ಊಹೆಗೆ ಆಸ್ಪದ ಕಡಿಮೆ. ಹಿಂದೂಸ್ತಾನದ ನಾವಿಕರೂ ಆ ಪಟ್ಟಿಯಲ್ಲಿದ್ದಾರೆ.

ಹಗಲು ನಾನು ಮಾಡುತ್ತಿದ್ದದ್ದೂ ಅದೇ ಕೆಲಸ. ಅಪ್ಪನ ಪುಸ್ತಕದ ಬಾಕಿಗಳನ್ನು ಬಿಡಿಸುವುದು. ‘ಕೆಂಪು ಗುಡಿಸಲು’, ‘ಹೊಸಮನಿ ಸಣ್ಣವ’, ‘ಬಳೆಗಾರಕಿ’, ಹೀಗೆ ಅಪ್ಪ ಇಟ್ಟ ಗುರುತುಗಳು. ಒಂದು ಕಡೆ ಒಂದೇ ದಿನ ಒಂದೇ ಹೆಸರಿಗೆ ಕರ್ಪೂರ, ಊದುಬತ್ತಿ, ಮಂಡಕ್ಕಿ. ಹಬ್ಬದ ಸಾಮಾನು ಅಂದುಕೊಂಡೆ. ಅವ್ವ ಪುಟ ನೋಡಿ, ‘ಅಲ್ಲೋ, ಅದು ಅವನ ಮಗಳು ಹೋದ ದಿನ’ ಅಂದಳು. ನಮ್ಮ ಮನೆಯಲ್ಲಿ ಆ ಗಡಿಯಾರ ಅವ್ವನೇ ಆಗಿದ್ದಳು. ಸಾಮಾನಿನ ಹೆಸರು ಓದಿದರೆ ಸಾಕು, ಆ ದಿನ ಎದುರಿಗೆ ನಿಲ್ಲುತ್ತಿತ್ತು.

ಆಟದ ಕೊನೆಗೆ ಕಂಪನಿಯ ತೀರ್ಮಾನ ಬರುತ್ತದೆ. ಇಂಥವನ ಮನೆಯವರಿಗೆ ಇಷ್ಟು ಪರಿಹಾರ, ಇಂಥವನ ಮೇಲೆ ಇಷ್ಟು ದಂಡ. ಇಷ್ಟು ಹೊತ್ತು ನಾವು ಕಣ್ಣಾರೆ ಕಂಡ ನೋವೆಲ್ಲ ಪೌಂಡಿನ ಅಂಕಿಯಾಗಿ ಇಳಿಯುತ್ತದೆ. ಅದರಲ್ಲೊಂದು ತಣ್ಣನೆಯ ಸಿಟ್ಟು ಇದೆ. ಲೆಕ್ಕ ಎಷ್ಟೇ ಸರಿಯಾಗಿದ್ದರೂ ಅದು ಯಾರ ಪುಸ್ತಕ ಎನ್ನುವುದನ್ನು ಮರೆಯಬೇಡ ಎಂಬ ಸಿಟ್ಟು. ಈ ವರ್ಷದ ಒಂಬತ್ತರಲ್ಲಿ ನನಗೆ ಇದೇ ದೊಡ್ಡದು.

ಅಕ್ಟೋಬರ್. ಜರ್ನಿ. 2 ತಾಸು.

ಇದನ್ನು ನಾನು ಆಡಲಿಲ್ಲ, ನೋಡಿದೆ. ಆಡಿದವನು ಚಿಕ್ಕಪ್ಪನ ಮಗ.

2012ರಲ್ಲಿ ಬಂದ ಆಟ. ಮರಳುಗಾಡು, ದೂರದಲ್ಲೊಂದು ಬೆಳಕಿನ ಬೆಟ್ಟ, ನಿಲುವಂಗಿ ತೊಟ್ಟ ಒಬ್ಬ ಯಾತ್ರಿಕ. ಮಾತಿಲ್ಲ, ಅಂಕ ಇಲ್ಲ. ದಾರಿಯಲ್ಲಿ ಇನ್ನೊಬ್ಬ ಯಾತ್ರಿಕ ಸಿಗಬಹುದು. ಅವನು ಜಗತ್ತಿನ ಎಲ್ಲೋ ಕುಳಿತು ಆಡುತ್ತಿರುವ ನಿಜವಾದ ಮನುಷ್ಯ. ಹೆಸರು ಕಾಣುವುದಿಲ್ಲ, ಮಾತಾಡಲು ಆಗುವುದಿಲ್ಲ. ಹಕ್ಕಿಯ ಹಾಗೆ ಒಂದು ಸ್ವರ ಹೊರಡಿಸಬಹುದು, ಹತ್ತಿರ ನಿಂತರೆ ಒಬ್ಬರಿಂದ ಒಬ್ಬರಿಗೆ ಹಾರುವ ಶಕ್ತಿ ಬರುತ್ತದೆ. ಅಷ್ಟೇ ಸಂಬಂಧ.

ಅವನಿಗೆ ಒಬ್ಬರು ಜೊತೆಯಾದರು. ಕೊನೆಯ ಹಿಮದ ಏರಿನಲ್ಲಿ ಇಬ್ಬರೂ ಒತ್ತಿಕೊಂಡು ನಡೆದರು. ಅವನು ಕರೆದರೆ ಆ ಕಡೆಯಿಂದ ಸ್ವರ ಬರುತ್ತಿತ್ತು. ‘ಇವನಿಗೆ ನನ್ನಿಂದ ಏನ್ ಬೇಕಾಗೇತಿ?’ ಎಂದು ಕೇಳಿದ. ಏನೂ ಇಲ್ಲ ಅಂದೆ. ಎರಡು ವರ್ಷ ಅವನು ಮೊಬೈಲಿನಲ್ಲಿ ಕಂಡ ಪ್ರತಿಯೊಬ್ಬ ಅಪರಿಚಿತನೂ ಅವನ ದುಡ್ಡು ಗೆಲ್ಲಲು ಕುಳಿತವನಾಗಿದ್ದ. ಆಟ ಮುಗಿದ ಮೇಲೆ ಜೊತೆಗಿದ್ದವರ ಹೆಸರು ಪರದೆಯ ಮೇಲೆ ಬಂತು. ಅವನು ಅದನ್ನು ಕೂಡಿಸಿಕೊಂಡು ಓದಿದ. ಆಮೇಲೆ ಲ್ಯಾಪ್‌ಟಾಪು ಮುಚ್ಚಿ, ‘ದೊಡ್ಡವ್ವಾ, ಹಸಿವಾಗೇತಿ’ ಎಂದು ಒಳಗೆ ಹೋದ.

ಚಿಕ್ಕಪ್ಪನಿಗೆ ಕೊಡಬೇಕಿದ್ದ ಉತ್ತರ ನನಗೆ ಸಿಕ್ಕಿದ್ದು ಆಗ. ಬಯಲಾಟ ರಾತ್ರಿಯಿಡೀ ನಡೆದರೂ ಬೆಳಗಿಗೆ ಮಂಗಳ ಹಾಡುತ್ತಾರೆ. ನೋಡಿದವರು ಎದ್ದು ಮೈಮುರಿದು ಹೊಲಕ್ಕೆ ಹೋಗುತ್ತಾರೆ. ಚಿಕ್ಕಪ್ಪನ ಮಗನ ದುಡ್ಡು ತಿಂದದ್ದಕ್ಕೆ ಮಂಗಳ ಇರಲಿಲ್ಲ. ಸೋತರೆ ಇನ್ನೊಂದು ಕೈ, ಗೆದ್ದರೆ ಇನ್ನೊಂದು ಕೈ. ಅವನು ಎದ್ದುಹೋಗದಿರುವುದೇ ಅದರ ವ್ಯಾಪಾರ. ಆಟಗಳನ್ನು ಒಳ್ಳೆಯವು ಕೆಟ್ಟವು ಎಂದು ವಿಂಗಡಿಸಲು ವಿಮರ್ಶಕರಿಗೆ ಹತ್ತು ಅಳತೆಗಳಿವೆ. ನಾನು ಈಗ ಮೊದಲು ನೋಡುವುದು, ಆಡುವವನನ್ನು ಅದು ಮನೆಗೆ ಕಳಿಸುತ್ತದೋ ಇಲ್ಲವೋ ಎಂದು. ‘ಸ್ಟಾರ್ಡ್ಯೂ ವ್ಯಾಲಿ’ಯ ಮುಂದೆ ನನ್ನ ಗೆರೆ ಇನ್ನೂ ಅಳುಕುತ್ತಲೇ ಇದೆ. ಒಟ್ಟು 159 ತಾಸಿನಲ್ಲಿ 96 ಅದೊಂದಕ್ಕೇ ಹೋದವು. ಎರಡು ತಾಸಿನ ‘ಜರ್ನಿ’ಯ ಮುಂದಿನ ಗೆರೆಗೆ ಅಳುಕಿಲ್ಲ. ಅದನ್ನು ಎಳೆದದ್ದು ನಾನಲ್ಲ, ಅವನೇ.

ಈ ಮಾತನ್ನು ಚಿಕ್ಕಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ‘ಎತ್ತು ಬರಂಗಿಲ್ಲಲ್ಲ’ ಅಂದ. ನಿಜ, ಬರುವುದಿಲ್ಲ. ಮಗನ ಕೈಸಾಲ ಇನ್ನೂ ಅರ್ಧ ಇದೆ. ಆದರೆ ಆ ದಿನದಿಂದ ಅವನು ಅವನ ಆಟಕ್ಕೂ ನನ್ನ ಆಟಕ್ಕೂ ಬೇರೆ ಬೇರೆ ಹೆಸರು ಬಳಸುತ್ತಾನೆ. ಅದನ್ನು ‘ಗೇಮು’ ಅನ್ನುತ್ತಾನೆ, ಇದನ್ನು ‘ಆಟ’.

ಈ ದೀಪಾವಳಿಗೆ ಅವ್ವ ಖಾತೆ ಪುಸ್ತಕ ಮುಂದಿಟ್ಟುಕೊಂಡು ಕೂತಳು. ಬಾಕಿ ಉಳಿದ ಮೂವತ್ತೊಂದು ಹೆಸರು. ನಾನು ಓದುತ್ತಾ ಹೋದೆ. ಹೊಲ ಒಣಗಿದವರ ಹೆಸರಿಗೆ ‘ಗೆರೆ ಎಳಿ’ ಅಂದಳು. ಅಂಗಡಿಯ ಮುಂದೆ ಹೊಸ ಬೈಕು ನಿಲ್ಲಿಸಿ ಸಾಲ ಹೇಳಿದ್ದವನ ಹೆಸರಿಗೆ ‘ಇರ್ಲಿ, ಕೊಡ್ತಾನ’ ಅಂದಳು. ಮಗಳು ಹೋದವನ ಹೆಸರು ಬಂದಾಗ ಏನೂ ಹೇಳಲಿಲ್ಲ, ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ತಾನೇ ಎಳೆದಳು. ಹನ್ನೆರಡು ಹೆಸರು ಉಳಿದವು.

ಆಮೇಲೆ ಪುಸ್ತಕ ತಿರುವಿ ನನ್ನ ಕಡೆಯ ಪುಟಗಳನ್ನು ನೋಡಿದಳು. ‘ಇವು ಒಂಬತ್ತೂ ಮುಗದಾವೇನು?’ ಮುಗಿದಿವೆ ಅಂದೆ. ಅವಳ ಕಡೆಯ ಕೊನೆಯ ಹೆಸರಿಗೂ ನನ್ನ ಕಡೆಯ ಕೊನೆಯ ಆಟಕ್ಕೂ ನಡುವೆ ನಲವತ್ತು ಪುಟ ಖಾಲಿ ಇವೆ. ಅಂಗಡಿ ಮುಚ್ಚುವುದು ಬೇಡ ಅಂದಿದ್ದಾಳೆ. ಚಿಕ್ಕಪ್ಪನ ಮಗ ಕೂರುತ್ತಾನೆ. ಹೊಸ ಪುಸ್ತಕ ತರುವ ಅಂದರೆ, ಇದು ತುಂಬಲಿ ಅಂದಳು.